ಚಹದ ಅಕ್ಷರ

ಕಮಠಾಣದಲ್ಲಿ ಯಾರ ಮನೆಯ ಹೊಸ್ತಿಲು ತುಳಿದರೂ ಮೊದಲು ಕೇಳಿಬರುವ ಮಾತು "ಚಾ ಕುಡೀರಿ ಮಾಸ್ತರ್ರ" ಎಂಬುದು. ಮೈಸೂರು ಕಡೆಯ ನೆಂಟರು ಬಂದರೆ ಅದನ್ನೇ ‘ಟೀ’ ಎನ್ನುತ್ತಾರೆ. ಹಿಂದೊಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಎದ್ದು, ಇವೆರಡರಲ್ಲಿ ಶುದ್ಧವಾದುದು ಯಾವುದೆಂದು ಕೇಳಿದ. ‘ಟೀ’ ಇಂಗ್ಲಿಷಿನದು, ‘ಚಾ’ ನಮ್ಮದು ಎಂದುಬಿಟ್ಟೆ. ಆ ಉತ್ತರ ತಪ್ಪು. ಎರಡೂ ಚೀನೀಯರ ಒಂದೇ ಅಕ್ಷರದ ಎರಡು ಉಚ್ಚಾರಗಳು.

ಚೀನೀ ಅಕ್ಷರವು ನಮ್ಮ ಅಕ್ಷರದಂತೆ ಬರಿಯ ಧ್ವನಿಯ ಗುರುತಲ್ಲ, ಅರ್ಥವನ್ನೂ ಹೊತ್ತಿರುತ್ತದೆ. ಒಂದನ್ನೇ ಪ್ರಾಂತಕ್ಕೊಂದು ಬಗೆಯಾಗಿ ಓದುವುದುಂಟು. ಚೀನದ ಬಹುಭಾಗದಲ್ಲಿ ಇದು ‘ಚಾ’. ಫೂಜಿಯನ್ ಪ್ರಾಂತದ ಕರಾವಳಿಯಲ್ಲಿ ‘ತೆ’. ಡಚ್ಚರು 17ನೆಯ ಶತಮಾನದಲ್ಲಿ ‘ತೆ’ಯನ್ನು ಯುರೋಪಿಗೆ ಒಯ್ದರು, ಇಂಗ್ಲಿಷರ ಬಾಯಲ್ಲಿ ಅದು ‘ಟೀ’ ಆಯಿತು. ಮಕಾವಿನಲ್ಲಿ ನೆಲೆಸಿದ್ದ ಪೋರ್ಚುಗೀಸರು ಮಾತ್ರ ‘ಚಾ’ ಎಂದೇ ಕಲಿತರು. ನೆಲದ ದಾರಿ ಹಿಡಿದ ‘ಚಾ’ ಪಾರಸಿಯಲ್ಲಿ ‘ಚಾಯ್’ ಆಯಿತು, ಉರ್ದುವಿನಲ್ಲಿಯೂ ನೆಲೆಸಿತು. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ ಬೀದರಿಗೆ ಅದು ಪರರ ಮಾತೆಂದು ತೋರದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಅಕ್ಷರದ ಆಕಾರ. ಮೇಲೆ ಹುಲ್ಲಿನ ಗುರುತು, ನಡುವೆ ಮನುಷ್ಯ, ಕೆಳಗೆ ಮರ. ಹುಲ್ಲು ಮರಗಳ ನಡುವೆ ನೆಮ್ಮದಿಯಾಗಿರುವ ಮನುಷ್ಯನೆಂದು ಅರ್ಥ ಹೇಳುವವರಿದ್ದಾರೆ. ಕೇಳಲು ಸೊಗಸು. ಬೀದರು ವಿದುರನ ನಗರವೆಂಬ ನಿರುಕ್ತಿಯೂ ಹೀಗೆಯೇ ಸೊಗಸು. ಆದರೆ ಬಿದಿರಿನ ಮೆಳೆಯನ್ನು ಬಿಟ್ಟು ವಿದುರನ ಬಳಿಗೆ ಹೋಗಲು ನನಗೆ ಮನಸ್ಸಿಲ್ಲ.

ಮೊದಲು ಆ ಅಕ್ಷರದಲ್ಲಿ ಒಂದು ಅಡ್ಡಗೆರೆ ಹೆಚ್ಚಾಗಿತ್ತು. ಅದನ್ನು ‘ತು’ ಎಂದು ಓದುತ್ತಿದ್ದರು, ಅರ್ಥ ಕಹಿಸೊಪ್ಪು. ಕ್ರಿ.ಶ. 100ರ ಸುಮಾರಿಗೆ ಷು ಷೆನ್ ರಚಿಸಿದ ನಿಘಂಟಿನಲ್ಲಿ ಅದು ಕಹಿಗಿಡವೇ ಆಗಿದೆ. ಹುಲ್ಲಿನ ಗುರುತಿನ ಕೆಳಗಿನ ಭಾಗವನ್ನು ಧ್ವನಿಗಾಗಿ ಇಟ್ಟದ್ದು. ಮನುಷ್ಯನಿಗಾಗಲಿ ಮರಕ್ಕಾಗಲಿ ಅಲ್ಲಿ ಕೆಲಸವಿರಲಿಲ್ಲ. ಚಹವನ್ನೂ ಅದೇ ಅಕ್ಷರದಿಂದ ಬರೆಯುತ್ತಿದ್ದರು. ಟಾಂಗ್ ಅರಸರ ಕಾಲದಲ್ಲಿ ಚಹಪಾನ ಎಲ್ಲೆಡೆ ಹಬ್ಬಿದಾಗ ಒಂದು ಗೆರೆ ಉದುರಿ, ಚಹಕ್ಕೆ ಬೇರೆ ಅಕ್ಷರವೇ ದೊರಕಿತು.

ಉದುರಿದ್ದು ಯಾವಾಗ? ‘ಚಾ ಜಿಂಗ್’ ಎಂಬ ಪ್ರಸಿದ್ಧ ಗ್ರಂಥ ಬರೆದ ಲೂ ಯೂ (733–804) ಹೊಸ ರೂಪವನ್ನು ಬಳಕೆಗೆ ತಂದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಗ್ರಂಥವನ್ನು ನಕಲು ಮಾಡುವವನು ತನ್ನ ಕಾಲದ ರೂಢಿಗೆ ಅಕ್ಷರವನ್ನು ತಿದ್ದಿಬಿಡಬಲ್ಲ. ಕಲ್ಲನ್ನು ಹಾಗೆ ತಿದ್ದುವುದು ಸುಲಭವಲ್ಲ. 17ನೆಯ ಶತಮಾನದ ವಿದ್ವಾಂಸ ಗು ಯಾನ್‌ವು ತಾಯ್ ಪರ್ವತದಲ್ಲಿ ಟಾಂಗ್ ಕಾಲದ ಶಿಲಾಲೇಖಗಳನ್ನು ಓದಿದ. 779ರ ಬರಹದಲ್ಲಿಯೂ 798ರ ಬರಹದಲ್ಲಿಯೂ ಗೆರೆ ಇನ್ನೂ ಇತ್ತು. ಬೇರೆಡೆಯ 841, 855ರ ಶಾಸನಗಳಲ್ಲಿ ಅದು ಮಾಯವಾಗಿತ್ತು. ನಮ್ಮ ಶಾಸನಜ್ಞರು ಱ, ೞಗಳ ಬಳಕೆಯನ್ನು ನೋಡಿ ಬರಹದ ಕಾಲವನ್ನು ಊಹಿಸುವುದೂ ಇದೇ ಬಗೆಯಲ್ಲವೆ? ಚೀನೀ ಭಾಷೆ ಬಾರದ ನನಗೆ ಈ ಗು ಯಾನ್‌ವು ನಮ್ಮವನೇ ಎನಿಸಿದ್ದು ಇದರಿಂದ.

ಅಂದು ಪ್ರಶ್ನೆ ಕೇಳಿದ ಹುಡುಗನಿಗೆ ಈಗ ಮಕ್ಕಳಿದ್ದಾರೆ. ಮೊನ್ನೆ ದಾರಿಯಲ್ಲಿ ಸಿಕ್ಕಾಗ ನಿಲ್ಲಿಸಿ ಇದನ್ನೆಲ್ಲ ಹೇಳಿದೆ. "ಹಂಗಾದ್ರ ಎರಡೂ ಖರೇ ಅಂತೀರೇನ್ರಿ ಸರ್?" ಎಂದು ನಕ್ಕು, ಅಂಗಡಿಯವನತ್ತ ತಿರುಗಿ ಎರಡು ಚಾ ಹೇಳಿದ.