ಕವಡೆ

ಕವಡೆಯು ಬೆಚ್ಚನೆಯ ಕಡಲಿನ ಆಳವಿಲ್ಲದ ನೀರಿನಲ್ಲಿ ಬದುಕುವ ಸಣ್ಣ ಬಸವನಹುಳುವಿಗೂ ಅದರ ಚಿಪ್ಪಿಗೂ ಇರುವ ಹೆಸರು. ಹಣವಾಗಿ ಚಲಾವಣೆಯಲ್ಲಿದ್ದ ಪ್ರಭೇದದ ವೈಜ್ಞಾನಿಕ ಹೆಸರು ಮೊನೆಟೇರಿಯಾ ಮೊನೆಟಾ. ಇದನ್ನು 1758ರಲ್ಲಿ ಲಿನೇಯಸ್ ವರ್ಗೀಕರಿಸಿದನು. ಕಡಲಿನಿಂದ ಬಹುದೂರದಲ್ಲಿರುವ ಬಳ್ಳಾರಿ ಸೀಮೆಯಲ್ಲಿಯೂ ಕವಡೆಯು ಉಡುಗೆ, ಆಟ ಮತ್ತು ಆಚರಣೆಗಳಲ್ಲಿ ಬಳಕೆಯಲ್ಲಿದೆ.

ಸ್ವರೂಪ

ಚಿಪ್ಪಿನ ಉದ್ದ ಸಾಮಾನ್ಯವಾಗಿ 1ರಿಂದ 3 ಸೆಂಟಿಮೀಟರ್. ಬಣ್ಣ ಬಿಳಿ ಅಥವಾ ಹಳದಿ. ಬೆನ್ನು ಉಬ್ಬಿದ್ದು, ಅಡಿಭಾಗ ಚಪ್ಪಟೆಯಾಗಿರುತ್ತದೆ. ಅಡಿಯಲ್ಲಿರುವ ಸೀಳಿನಂಥ ಬಾಯಿಯ ಎರಡೂ ಅಂಚುಗಳಲ್ಲಿ ಹಲ್ಲಿನಂಥ ಏಣುಗಳಿವೆ. ಜೀವಂತ ಹುಳುವಿನ ಮೈಹೊದಿಕೆಯು ಹೊರಗೆ ಚಾಚಿ ಚಿಪ್ಪನ್ನು ಆವರಿಸುತ್ತದೆ. ಚಿಪ್ಪಿನ ನುಣುಪಿಗೂ ಹೊಳಪಿಗೂ ಇದೇ ಕಾರಣ. ಹುಳು ಸತ್ತ ಮೇಲೆ ಅಲೆಗಳಿಗೆ ಸಿಕ್ಕಿ ಸವೆದ ಚಿಪ್ಪು ಮಂಕಾಗುತ್ತದೆ. ಆದ್ದರಿಂದ ಹೊಳೆಯುವ ಕವಡೆಗಾಗಿ ಜೀವಂತ ಹುಳುಗಳನ್ನೇ ಹಿಡಿಯಲಾಗುತ್ತಿತ್ತು. ಇದರ ಆಹಾರ ಮುಖ್ಯವಾಗಿ ಪಾಚಿ.

ಹಣವಾಗಿ ಕವಡೆ

ಗಟ್ಟಿತನ, ಸಮಗಾತ್ರ ಮತ್ತು ನಕಲು ಮಾಡಲಾಗದ ರೂಪ ಇವುಗಳಿಂದ ಕವಡೆಯು ಚಿಲ್ಲರೆ ಹಣವಾಯಿತು. ಮಾಲ್ಡೀವ್ಸ್ ದ್ವೀಪಗಳು ಇದರ ಪ್ರಮುಖ ಮೂಲವಾಗಿದ್ದವು. ಅಲ್ಲಿಂದ ಬಂಗಾಳಕ್ಕೆ ಕವಡೆ ಹೋಗಿ, ಪ್ರತಿಯಾಗಿ ಅಕ್ಕಿ ಬರುತ್ತಿದ್ದುದನ್ನು 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ದಾಖಲಿಸಿದ್ದಾನೆ. ಒಡಿಶಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕಂದಾಯವನ್ನು ಕವಡೆಯ ಬದಲು ಬೆಳ್ಳಿಯಲ್ಲಿ ಕೇಳಿದಾಗ ರೈತರ ಸಂಕಷ್ಟ ಹೆಚ್ಚಿತು. 1817ರ ಪೈಕ ದಂಗೆಯ ಕಾರಣಗಳಲ್ಲಿ ಇದೂ ಒಂದು.

ಬಳ್ಳಾರಿ ಸೀಮೆಯಲ್ಲಿ

ಹಿಂದೆ ಎತ್ತುಗಳ ಮೇಲೆ ಧಾನ್ಯ, ಉಪ್ಪು ಸಾಗಿಸುತ್ತಿದ್ದ ಲಂಬಾಣಿಗರ ಉಡುಗೆಗಳಲ್ಲಿ ಕನ್ನಡಿಚೂರುಗಳೊಂದಿಗೆ ಕವಡೆಗಳನ್ನೂ ಹೊಲಿಯುತ್ತಾರೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕವಡೆಸರವು ಯಲ್ಲಮ್ಮನ ಸೇವೆಗೆ ನಿಂತ ಜೋಗತಿಯರ ಗುರುತು. ಜೋಗತಿ ನೃತ್ಯಕ್ಕಾಗಿ 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ಕುರುಗೋಡು ಸಮೀಪದ ಕಲ್ಲುಕಂಬದಲ್ಲಿ ಜನಿಸಿದವರು.

ಆಟ ಮತ್ತು ನುಡಿಗಟ್ಟು

ಚೌಕಾಬಾರ ಆಟದಲ್ಲಿ ನಾಲ್ಕು ಕವಡೆಗಳನ್ನು ಎಸೆಯುತ್ತಾರೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾಗಿ ಬಿದ್ದರೆ ಎಂಟು ಎಂಬುದು ಸಾಮಾನ್ಯ ಲೆಕ್ಕ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಮಾತಿಗೆ ಏನೂ ಬೆಲೆಯಿಲ್ಲ ಎಂದರ್ಥ. ಕವಡೆಯು ಅತ್ಯಂತ ಕಿರಿಯ ಹಣವಾಗಿದ್ದ ಕಾಲದ ನೆನಪು ಈ ನುಡಿಯಲ್ಲಿ ಉಳಿದಿದೆ.