'ಹಗ್': ತೋಳಿನ ಮಾತೋ, ಮನಸ್ಸಿನ ಮಾತೋ?

ಅಪ್ಪುಗೆಗೆ ಇಂಗ್ಲಿಷಿನಲ್ಲಿ ಹಲವು ಪದಗಳಿವೆ. ಅವುಗಳಲ್ಲಿ 'ಎಂಬ್ರೇಸ್' ಪದದ ಮೂಲ ಸರಳ. ಲ್ಯಾಟಿನ್ನಿನಲ್ಲಿ 'ಬ್ರಾಕಿಯುಮ್' ಎಂದರೆ ತೋಳು. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ತೋಳೊಳಗೆ ತೆಗೆದುಕೊಳ್ಳುವುದೇ ಎಂಬ್ರೇಸ್. ಆದರೆ ಈಗ ಕನ್ನಡದ ಮಕ್ಕಳ ಬಾಯಲ್ಲೂ ಕೇಳುವ 'ಹಗ್' ಎಂಬ ಪುಟ್ಟ ಪದದ ಹುಟ್ಟು ಇಂದಿಗೂ ಇತ್ಯರ್ಥವಾಗಿಲ್ಲ.

ಬರವಣಿಗೆಯಲ್ಲಿ ಈ ಕ್ರಿಯಾಪದ ಕಾಣಿಸಿಕೊಳ್ಳುವುದು 1560ರ ದಶಕದಲ್ಲಿ. ನಾಮಪದವಾಗಿ ಅದು ಬಂದದ್ದು 17ನೇ ಶತಮಾನದ ಆರಂಭದಲ್ಲಿ, ಅದೂ ಕುಸ್ತಿಯ ಒಂದು ಪಟ್ಟಿನ ಹೆಸರಾಗಿ! ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಜಟ್ಟಿಗಳ ಹಿಡಿತಕ್ಕೆ 'ಕಾರ್ನಿಷ್ ಹಗ್' ಎಂದೇ ಹೆಸರು. ನಾಮಪದಕ್ಕೆ ಅಕ್ಕರೆಯ ಅಪ್ಪುಗೆ ಎಂಬ ಅರ್ಥ ದಕ್ಕಿದ್ದು ಆ ಶತಮಾನದ ನಡುಭಾಗದಲ್ಲಿ.

ಅದಕ್ಕೂ ಹಿಂದೆ? ಹಳೆಯ ನಾರ್ಸ್ ಭಾಷೆಯಲ್ಲಿ 'ಹುಗ್ಗ' ಎಂಬ ಕ್ರಿಯಾಪದವಿತ್ತು. ಅದರ ಅರ್ಥ ಸಂತೈಸು. ಐಸ್‌ಲ್ಯಾಂಡಿನವರು ಇಂದಿಗೂ ಅದನ್ನು ಅದೇ ಅರ್ಥದಲ್ಲಿ ಬಳಸುತ್ತಾರೆ. ಅದರ ಬೇರು 'ಹುಗ್ರ್', ಅಂದರೆ ಮನಸ್ಸು. ಓದಿನ್ ದೇವರಿಗೆ ಲೋಕದ ಸುದ್ದಿ ತರುವ ಎರಡು ಕಾಗೆಗಳಲ್ಲಿ ಒಂದಾದ 'ಹುಗಿನ್'ನ ಹೆಸರೂ ಇದೇ ಬೇರಿನದು; ಅದರ ಅರ್ಥ ಯೋಚನೆ. ಇಂಗ್ಲಿಷಿನ 'ಹಗ್' ಈ 'ಹುಗ್ಗ'ದಿಂದಲೇ ಬಂದಿರಬಹುದು ಎಂಬುದು ಒಂದು ಊಹೆ.

ಊಹೆ ಚೆಲುವಾಗಿದೆ, ಆದರೆ ಕಾಲದ ಲೆಕ್ಕ ತೊಡಕಾಗಿದೆ. ವೈಕಿಂಗರು ಲಿಂಡಿಸ್‌ಫಾರ್ನ್ ಮಠದ ಮೇಲೆ ಎರಗಿದ್ದು 793ರಲ್ಲಿ. ಅವರು ಇಂಗ್ಲೆಂಡಿನಲ್ಲಿ ನೆಲೆಸಿದ ಕಾಲದಲ್ಲೇ 'ಎಗ್', 'ಸ್ಕೈ', 'ವಿಂಡೋ' ಮೊದಲಾದ ಪದಗಳು ಇಂಗ್ಲಿಷಿನೊಳಗೆ ನುಸುಳಿದವು. 1066ರ ಹೊತ್ತಿಗೆ ಅವರ ಯುಗ ಮುಗಿದಿತ್ತು. ಹಾಗಾದರೆ ಐನೂರು ವರ್ಷ 'ಹಗ್' ಎಲ್ಲಿ ಅಡಗಿತ್ತು? ಮನೆಮಾತಿನ ಪದಗಳು ಬರಹಕ್ಕೆ ಸಿಗದೆ ತಲೆಮಾರುಗಟ್ಟಲೆ ಬದುಕಬಲ್ಲವು, ನಿಜ. ಆದರೂ ಸಂತೈಸುವುದು ತಬ್ಬುವುದಾಗಿ ಬದಲಾದ ನಡುವಿನ ಹೆಜ್ಜೆಗೆ ದಾಖಲೆ ಬೇಕಲ್ಲ? ಹಾಗಾಗಿಯೇ ನಿಘಂಟುಗಳು 'ಇರಬಹುದು' ಎಂಬಲ್ಲಿಗೆ ನಿಲ್ಲುತ್ತವೆ.

ನನಗೆ ಆ 'ಇರಬಹುದು' ಎಂಬ ಮಾತಿನ ಮೇಲೆ ಗೌರವವಿದೆ. ಪದಮೂಲದ ಹುಡುಕಾಟದಲ್ಲಿ ಸೊಗಸಾದ ಕತೆಯೇ ಸಾಕ್ಷಿಯ ಜಾಗದಲ್ಲಿ ಕೂತುಬಿಡುವುದು ಸುಲಭ. ಎರಡು ಪದಗಳ ಸದ್ದು ಹೊಂದಿದರೆ ಸಾಲದು, ಕಾಲವೂ ಹೊಂದಬೇಕು.

ಆದರೂ ಆ ಊಹೆ ನಮ್ಮನ್ನು ಸೆಳೆಯಲು ಕಾರಣವಿದೆ. 'ತಬ್ಬಿ ಸಂತೈಸಿದಳು' ಎನ್ನುತ್ತೇವೆ ಕನ್ನಡದಲ್ಲಿ. ತೋಳಿಗೊಂದು ಪದ, ಮನಸ್ಸಿಗೊಂದು. ಇವೆರಡೂ ಒಂದೇ ಉಸಿರಿನಲ್ಲಿ ಬರುತ್ತವೆ ಎಂಬುದಕ್ಕೆ ನಿಘಂಟಿನ ಒಪ್ಪಿಗೆ ಬೇಕಿಲ್ಲ.