ಕೋವಿ ಪೆಟ್ಟಿಗೆಗಳ ಸಂಗ್ರಹ

ಹಳೆಯ ಬೇಟೆ ಕೋವಿಗಳೊಂದಿಗೆ ತಯಾರಕರು ಇಲ್ಲವೆ ಮಾರಾಟಗಾರರು ಕೊಡುತ್ತಿದ್ದ ಮೂಲ ಪೆಟ್ಟಿಗೆಗಳನ್ನು ಗುರುತಿಸಿ, ಕೂಡಿಸಿ, ಕಾಪಾಡುವ ಹವ್ಯಾಸ. ಕೋವಿ ಕೈ ಬದಲಾದಾಗ ಪೆಟ್ಟಿಗೆ ಬೇರೆಯಾಗುವುದು ಸಾಮಾನ್ಯ. ಹೀಗಾಗಿ ಎರಡೂ ಒಟ್ಟಿಗೆ ಉಳಿದ ಜೋಡಿಗೆ ಬೆಲೆ ಹೆಚ್ಚು.

ಸ್ವರೂಪ: 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಮಹಾಗನಿ ಮರದ ಪೆಟ್ಟಿಗೆಗಳು ಬಳಕೆಯಲ್ಲಿದ್ದವು. 19ನೇ ಶತಮಾನದಲ್ಲಿ ಓಕ್ ಮರದವು, ಮುಂದೆ ಓಕ್ ಚೌಕಟ್ಟಿಗೆ ಚರ್ಮ ಹೊದಿಸಿ ಮೂಲೆಗಳಿಗೆ ಹಿತ್ತಾಳೆ ಕಟ್ಟಿದವು ಬಂದವು. ಒಳಗೆ ಕೆಂಪು, ಹಸಿರು ಅಥವಾ ನೀಲಿ ಉಣ್ಣೆಬಟ್ಟೆಯ ಹಾಸು. ಬಿಚ್ಚಿದ ನಳಿಗೆಗೂ ಮರದ ಹಿಡಿಗೂ ಬೇರೆ ಬೇರೆ ಅಂಕಣಗಳು. ಕೇಪಿನ ಕೋವಿಯ ಪೆಟ್ಟಿಗೆಯಲ್ಲಿ ಮದ್ದಿನ ಬುರುಡೆ, ಚರೆಯ ಚೀಲ, ಕೇಪಿನ ಡಬ್ಬಿಗಳಿಗೆ ಜಾಗವಿರುತ್ತದೆ. ತೋಟಾ ಕೋವಿಯದರಲ್ಲಿ ನಳಿಗೆ ಒರೆಸುವ ಕೋಲು, ಎಣ್ಣೆ ಬಾಟಲಿ, ತಿರುಪುಳಿ ಮುಂತಾದವಕ್ಕೆ. ಬರಿದಾದ ಪೆಟ್ಟಿಗೆಯೂ ಅದರಲ್ಲಿದ್ದ ಕೋವಿಯ ಬಗೆಯನ್ನು ಅಂಕಣಗಳ ಮೂಲಕ ಹೇಳುತ್ತದೆ.

ಗುರುತಿಸುವಿಕೆ: ಮುಚ್ಚಳದ ಒಳಬದಿಗೆ ಅಂಟಿಸಿದ ಚೀಟಿಯೇ ಮುಖ್ಯ ಸಾಕ್ಷ್ಯ. ಲಂಡನ್ನಿನ ಕೋವಿ ತಯಾರಕ ಪರ್ಡಿ ಸಂಸ್ಥೆ 1880ರ ದಶಕದಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನಿಂದ ಸೌತ್ ಆಡ್ಲಿ ಸ್ಟ್ರೀಟಿಗೆ ಹೋಯಿತು. ಹೀಗಾಗಿ ಅದರ ಚೀಟಿಯ ವಿಳಾಸದಿಂದ ಕಾಲ ತಿಳಿಯುತ್ತದೆ. ಭಾರತದಲ್ಲಿ ಮದರಾಸಿನ ಪಿ. ಓರ್ ಆಂಡ್ ಸನ್ಸ್, ಕಲ್ಕತ್ತೆಯ ಮ್ಯಾಂಟನ್ ಮುಂತಾದ ಅಂಗಡಿಗಳ ಹೆಸರುಳ್ಳ ಕೋವಿಗಳಿವೆ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದರಿಂದ ಆ ಜಿಲ್ಲೆಯ ಹುಡುಕಾಟದಲ್ಲಿ ಮದರಾಸಿನ ಚೀಟಿಗಳು ಗಮನಾರ್ಹ. ಅಂಕಣದ ಅಳತೆ ಕೋವಿಗೆ ಸರಿಹೊಂದದಿದ್ದರೆ ಜೋಡಿ ಮೂಲದ್ದಲ್ಲ.

ಮಡಂತ್ಯಾರು ಪರಿಸರ: ದಕ್ಷಿಣ ಕನ್ನಡದ ಈ ಊರಿನ ಸುತ್ತಲಿನ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಕೃಷಿಕರು ಕಾಡುಹಂದಿ, ಮಂಗಗಳಿಂದ ಬೆಳೆ ಕಾಯಲು ಪರವಾನಗಿ ಪಡೆದು ಕೋವಿ ಇಟ್ಟುಕೊಳ್ಳುವುದುಂಟು, ತುಳುವಿನಲ್ಲಿ ಅದು ‘ಬೆಡಿ’. ಅಂಕಣವಿರುವ ಪೆಟ್ಟಿಗೆ ಬರುತ್ತಿದ್ದುದು ಹೆಚ್ಚಾಗಿ ದುಬಾರಿ ಕೋವಿಗಳ ಜತೆ. ಆದ್ದರಿಂದ ಸಾಮಾನ್ಯ ಬೆಡಿಗೆ ಅಂಥ ಪೆಟ್ಟಿಗೆಯನ್ನು ನಿರೀಕ್ಷಿಸಲಾಗದು.

ಸಂರಕ್ಷಣೆ: ಕರಾವಳಿಯ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು, ಮರಕ್ಕೆ ಗೆದ್ದಲು ಹಿಡಿಯುತ್ತದೆ. ಉಣ್ಣೆಹಾಸು ಹೀರಿದ ತೇವ ನಳಿಗೆಗೆ ತುಕ್ಕು ತರುತ್ತದೆ. ಕೋವಿಯನ್ನು ಪೆಟ್ಟಿಗೆಯಲ್ಲಿ ದೀರ್ಘಕಾಲ ಮುಚ್ಚಿಡದೆ, ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಹರಿದ ಹಾಸು, ಮಾಸಿದ ಚೀಟಿಯನ್ನು ಬದಲಿಸಿದರೆ ಮೂಲ ಸಾಕ್ಷ್ಯ ಅಳಿಯುತ್ತದೆ.

ಕಾನೂನು: ಖಾಲಿ ಪೆಟ್ಟಿಗೆ ಆಯುಧವಲ್ಲ, ಆದರೆ ಕೋವಿಗೆ 1959ರ ಆಯುಧ ಕಾಯಿದೆ ಅನ್ವಯಿಸುತ್ತದೆ. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ ಅದರ 45ನೇ ಕಲಮಿನಲ್ಲಿ ವಿನಾಯಿತಿಯಿದೆ. ನೂರು ವರ್ಷ ದಾಟಿದ ಪೆಟ್ಟಿಗೆ 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರಬಹುದು. ಹಾಗೆ ಬಂದ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.